ಹೆಸರು ನಿಮ್ಮದೇ, ದಾರಿ ತೋರಿಸುವವರು ಯಾರು?

2022ರ ಸೆಪ್ಟೆಂಬರ್‌ನಲ್ಲಿ ಒಂದು ತಮಾಷೆ ನಡೆಯಿತು. ತಮಾಷೆ ಅಂದದ್ದು ದೂರದಿಂದ ನೋಡುವವರಿಗೆ. ಸಿಕ್ಕಿಹಾಕಿಕೊಂಡವರಿಗೆ ಅದು ತಲೆನೋವೇ ಆಗಿತ್ತು.

ಬ್ಲಾಕ್‌ಚೈನ್ ಅಂದರೆ ಒಬ್ಬ ಯಜಮಾನ ಇಲ್ಲದೆ ಅನೇಕ ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ಪಟ್ಟಿ. ಎಥೀರಿಯಂ ಅಂಥದ್ದೊಂದು. ಬ್ಲಾಕ್‌ಚೈನ್ ಮೇಲೆ ಹೆಸರು ಕೊಡುವ ವ್ಯವಸ್ಥೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಎಥೀರಿಯಂ ನೇಮ್ ಸರ್ವಿಸ್, ಅಂದರೆ ಇಎನ್‌ಎಸ್. ಅಲ್ಲಿನ ಹೆಸರುಗಳು ಡಾಟ್ ಎಥ್ ಎಂದು ಮುಗಿಯುತ್ತವೆ. ಮಾಮೂಲಿ ಬ್ರೌಸರ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ಏನೂ ತೆರೆಯುವುದಿಲ್ಲ. ಅದಕ್ಕೆ ಒಂದು ಒಳದಾರಿ ಇತ್ತು. ಹೆಸರಿನ ಕೊನೆಗೆ ಇನ್ನೊಂದು ಡಾಟ್ ಲಿಂಕ್ ಸೇರಿಸಿದರೆ ಸಾಕು, ಎಥ್ ಡಾಟ್ ಲಿಂಕ್ ಎಂಬ ಸಾಧಾರಣ ಡೊಮೇನ್ ಮೂಲಕ ಪುಟ ತೆರೆದುಕೊಳ್ಳುತ್ತಿತ್ತು. ಈ ಡೊಮೇನ್ ಇದ್ದದ್ದು ಒಬ್ಬ ವ್ಯಕ್ತಿಯ ಖಾತೆಯಲ್ಲಿ. ಅವರು ಆಗ ಬೇರೊಂದು ಪ್ರಕರಣದಲ್ಲಿ ಅಮೆರಿಕದ ಜೈಲಿನಲ್ಲಿದ್ದರು. ಜುಲೈ ಕೊನೆಯಲ್ಲಿ ಡೊಮೇನ್‌ನ ಅವಧಿ ಮುಗಿಯಿತು. ರಿನ್ಯೂ ಮಾಡಬೇಕಾದವರು ಕಂಬಿಯ ಹಿಂದೆ. ಡೊಮೇನ್ ಮಾರಾಟವಾಗಿ ಬೇರೆಯವರ ಕೈ ಸೇರಿತು. ಇಎನ್‌ಎಸ್ ನಡೆಸುವವರು ಕೋರ್ಟಿಗೆ ಹೋದರು, ತಡೆಯಾಜ್ಞೆ ತಂದರು, ಕೊನೆಗೆ ಡೊಮೇನ್ ವಾಪಸ್ ಬಂತು.

ಯಾರ ಅಪ್ಪಣೆಯೂ ಬೇಡದ ಹೆಸರಿನ ವ್ಯವಸ್ಥೆಯ ಮುಂಬಾಗಿಲು ಮುಚ್ಚಿದ್ದು ರಿನ್ಯೂ ಆಗದೆ. ತೆರೆದದ್ದು ಒಬ್ಬ ನ್ಯಾಯಾಧೀಶರ ಆದೇಶದಿಂದ.

ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ವಿಷಯದ ಗಂಟು ಇರುವುದೇ ಇಲ್ಲಿ. ಹೆಸರಿನ ವ್ಯವಸ್ಥೆ ಅಂದರೆ ಎರಡು ಕೆಲಸ. ಈ ಹೆಸರು ಇಂಥವರದು ಎಂದು ಬರೆದಿಡುವುದು ಒಂದು. ಯಾರಾದರೂ ಆ ಹೆಸರು ಹಿಡಿದು ಬಂದಾಗ ಸರಿಯಾದ ಜಾಗ ತೋರಿಸುವುದು ಇನ್ನೊಂದು. ಬ್ಲಾಕ್‌ಚೈನ್ ಮೊದಲನೆಯ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಎರಡನೆಯದು ಇನ್ನೂ ಬಹುಪಾಲು ಹಳೆಯ ಕೈಗಳಲ್ಲೇ ಇದೆ. ಹೆಸರು ಪೂರ್ತಿ ನಿಮ್ಮ ಸ್ವತ್ತು ಎಂದು ಮಾರುವವರು ಅರ್ಧ ಕಥೆ ಮಾತ್ರ ಹೇಳುತ್ತಾರೆ.

ಹಳೆಯ ವ್ಯವಸ್ಥೆಯಲ್ಲಿ ಏನು ತೊಂದರೆ?

ಮೊದಮೊದಲು ಇಂಟರ್ನೆಟ್‌ನ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲ್‌ನಲ್ಲಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ನೋಡಿಕೊಳ್ಳುತ್ತಿದ್ದರು. ಉಳಿದವರೆಲ್ಲ ಅದರ ನಕಲು ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರ್‌ಗಳು ಜಾಸ್ತಿಯಾದಂತೆ ಇದು ನಡೆಯಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್, ಅಂದರೆ ಡೊಮೇನ್ ನೇಮ್ ಸಿಸ್ಟಮ್ ಬಂತು. ಅದರ ಜಾಣತನ ಏನೆಂದರೆ ಪಟ್ಟಿಯನ್ನು ಒಡೆದು ಹಂಚಿದ್ದು. ಮೇಲೆ ಬೇರು ಪಟ್ಟಿ. ಅದರ ಕೆಳಗೆ ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದವು, ಪ್ರತಿಯೊಂದಕ್ಕೂ ಪಟ್ಟಿ ಇಡುವ ಒಂದು ರಿಜಿಸ್ಟ್ರಿ. ಅದರ ಕೆಳಗೆ ನಮಗೆ ಹೆಸರು ಮಾರುವ ರಿಜಿಸ್ಟ್ರಾರ್. ಬೇರು ಪಟ್ಟಿಯಲ್ಲಿ ಏನಿರಬೇಕು ಎಂಬ ನೀತಿಯನ್ನು 1998ರಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಆದ್ದರಿಂದ ಡಿಎನ್‌ಎಸ್ ಒಬ್ಬರ ಮುಷ್ಟಿಯಲ್ಲಿದೆ ಅನ್ನುವುದು ಅಷ್ಟು ಸರಿಯಲ್ಲ. ತಾಂತ್ರಿಕವಾಗಿ ಅದು ಜಗತ್ತಿನ ತುಂಬ ಹರಡಿದೆ. ಆದರೆ ಅಧಿಕಾರ ಮೇಲಿಂದ ಕೆಳಗೆ ಇಳಿಯುತ್ತದೆ. ಮೇಲಿನ ಯಾವ ಮೆಟ್ಟಿಲಲ್ಲಿ ಕೈ ಇಟ್ಟರೂ ಕೆಳಗಿನ ಹೆಸರು ಅಲ್ಲಾಡುತ್ತದೆ. 2010ರ ನವೆಂಬರ್‌ನಲ್ಲಿ ಅಮೆರಿಕದ ಅಧಿಕಾರಿಗಳು ನಕಲಿ ಸರಕಿನ ಮೇಲಿನ ಕಾರ್ಯಾಚರಣೆಯಲ್ಲಿ ಒಂದೇ ಏಟಿಗೆ 82 ಡೊಮೇನ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಸರ್ವರ್ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವುದೇ ಬೇಕಾಗಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕ್ಯಾಟಲೋನಿಯಾದ ಜನಮತಗಣನೆಗೆ ಮುಂಚೆ ಸ್ಪೇನ್ ಪೊಲೀಸರು ಡಾಟ್ ಕ್ಯಾಟ್ ರಿಜಿಸ್ಟ್ರಿಯ ಕಚೇರಿಗೇ ನುಗ್ಗಿದರು. ಆಗ ಜನಮತಗಣನೆಯ ಪುಟದ ನಕಲುಗಳು ಐಪಿಎಫ್‌ಎಸ್ ಎಂಬ ಹಂಚಿದ ಜಾಲದಲ್ಲಿ ಕಾಣಿಸಿಕೊಂಡವು.

ಹೆಸರನ್ನು ಯಾರೂ ಅಳಿಸಲಾಗದ ಕಡೆ ಬರೆದಿಡಬೇಕು ಎನ್ನುವ ಆಸೆ ಇಂಥ ಕಡೆಯಿಂದ ಬಂದದ್ದು. ಅದು ಸುಮ್ನೆ ಹುಟ್ಟಿದ ಗೀಳಲ್ಲ.

ಮೂರು ಮೂಲೆಯ ಒಗಟು

2001ರಲ್ಲಿ ಜೂಕೋ ವಿಲ್ಕಾಕ್ಸ್ ಎಂಬ ಪ್ರೋಗ್ರಾಮರ್ ಒಂದು ಮಾತು ಹೇಳಿದರು. ಹೆಸರಿನಿಂದ ನಮಗೆ ಮೂರು ಗುಣ ಬೇಕು. ಮನುಷ್ಯರಿಗೆ ನೆನಪಿಡಲು ಬರಬೇಕು. ಬೇರೆಯವರು ಅದರ ವೇಷ ಹಾಕಲು ಆಗಬಾರದು. ಮತ್ತು ಅದನ್ನು ಹಂಚುವ ಯಜಮಾನ ಇರಬಾರದು. ಮೂರರಲ್ಲಿ ಎರಡು ಸಿಗುತ್ತದೆ, ಮೂರೂ ಒಟ್ಟಿಗೆ ಸಿಗುವುದು ಕಷ್ಟ.

ನಿಮ್ಮ ಫೋನನ್ನೇ ನೋಡಿ. ಅದರಲ್ಲಿ ‘ಅಮ್ಮ’ ಎಂದು ಒಂದು ನಂಬರ್ ಇರುತ್ತದೆ. ನೆನಪಿಡಲು ಸುಲಭ, ಯಾರ ಅಪ್ಪಣೆಯೂ ಬೇಡ. ಆದರೆ ನನ್ನ ಫೋನಿನ ‘ಅಮ್ಮ’ ಬೇರೆ, ನಿಮ್ಮ ಫೋನಿನ ‘ಅಮ್ಮ’ ಬೇರೆ. ಆ ಹೆಸರು ನನ್ನ ಫೋನಿನ ಹೊರಗೆ ನಡೆಯುವುದಿಲ್ಲ. ಬಳಸುವವರ ಗುರುತು ಮರೆಸುವ ಟಾರ್ ಜಾಲದ ಡಾಟ್ ಆನಿಯನ್ ವಿಳಾಸ ಇದಕ್ಕೆ ಉಲ್ಟಾ. ಅದಕ್ಕೆ ಯಜಮಾನ ಇಲ್ಲ, ನಕಲು ಮಾಡುವುದೂ ಆಗದು, ಆದರೆ ಅದು 56 ಅಕ್ಷರಗಳ ಗೋಜಲು. ಬಾಯಿಪಾಠ ಮಾಡುವವರು ಯಾರೂ ಇಲ್ಲ. ಡಿಎನ್‌ಎಸ್ ಹೆಸರು ನೆನಪಿರುತ್ತದೆ, ಎಲ್ಲರಿಗೂ ಒಂದೇ ಆಗಿರುತ್ತದೆ, ಆದರೆ ಯಜಮಾನ ಇದ್ದಾನೆ.

ಬಿಟ್‌ಕಾಯಿನ್ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಯಜಮಾನ ಇಲ್ಲದೆಯೂ ಜಗತ್ತಿಗೆಲ್ಲ ಒಂದೇ ಪಟ್ಟಿ ಇಡಬಹುದು ಎಂದು ಅದು ತೋರಿಸಿತ್ತು. ಯಾರು ಮೊದಲು ಬರೆಸಿದರು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. 2011ರ ಜನವರಿಯಲ್ಲಿ ಆರನ್ ಸ್ವಾರ್ಟ್ಜ್ ಎಂಬ ಪ್ರೋಗ್ರಾಮರ್ ಇದೇ ಉಪಾಯದಿಂದ ಮೂರು ಮೂಲೆಯನ್ನೂ ಹಿಡಿಯಬಹುದು ಎಂದು ಬರೆದರು. ಅದೇ ವರ್ಷ ಏಪ್ರಿಲ್‌ನಲ್ಲಿ ನೇಮ್‌ಕಾಯಿನ್ ಶುರುವಾಯಿತು. ಬಿಟ್‌ಕಾಯಿನ್ ಕೋಡ್‌ನಿಂದ ಕವಲೊಡೆದ ಮೊದಲ ನಾಣ್ಯ ಅದು. ಅದರ ಹೆಸರುಗಳು ಡಾಟ್ ಬಿಟ್ ಎಂದು ಮುಗಿಯುತ್ತಿದ್ದವು.

ಆಮೇಲೆ ಆದದ್ದು ಈ ಇಡೀ ಕ್ಷೇತ್ರಕ್ಕೆ ದೊಡ್ಡ ಪಾಠ. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನೇಮ್‌ಕಾಯಿನ್‌ನ ಹೆಸರುಗಳನ್ನೆಲ್ಲ ಜಾಲಾಡಿದರು. ಸುಮಾರು 1,20,000 ಹೆಸರು ನೋಂದಣಿಯಾಗಿತ್ತು. ಅದರಲ್ಲಿ ಯಾರೂ ಸುಮ್ಮನೆ ಹಿಡಿದಿಟ್ಟುಕೊಳ್ಳದ, ನೋಡುವಂಥದ್ದು ಏನಾದರೂ ಇದ್ದ ಹೆಸರು ಎಷ್ಟು ಗೊತ್ತಾ? 28.

ಸಾವಿರ ಅಲ್ಲ, ಬರೀ 28. ಹೆಸರು ತೀರಾ ಅಗ್ಗವಾಗಿತ್ತು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಬೇರೆ. ಬಂದವರೆಲ್ಲ ಕಂಪನಿಗಳ ಹೆಸರು, ನಿಘಂಟಿನ ಪದಗಳು, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಮುಂದೆ ಮಾರೋಣ ಎಂದು ಕೂತರು. ಕೊಳ್ಳುವವರು ಬರಲಿಲ್ಲ. ಇನ್ನೊಂದು ಕಡೆ ಈ ಚೈನ್‌ನ ಗಣಿಗಾರಿಕೆಯ, ಅಂದರೆ ಪಟ್ಟಿಗೆ ಹೊಸ ಸಾಲು ಸೇರಿಸುವ ಕಂಪ್ಯೂಟರ್‌ಗಳ, ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗುಂಪಿನ ಕೈಗೆ ಹೋಗಿತ್ತು. ಅದರ ಮೇಲೆ ಕಟ್ಟಿದ್ದ ಬ್ಲಾಕ್‌ಸ್ಟ್ಯಾಕ್ ಎಂಬ ಇನ್ನೊಂದು ಹೆಸರಿನ ವ್ಯವಸ್ಥೆ 2015ರಲ್ಲಿ ಗಂಟುಮೂಟೆ ಕಟ್ಟಿ ಬಿಟ್‌ಕಾಯಿನ್‌ಗೆ ಹೋಯಿತು. ಯಜಮಾನ ಬೇಡ ಎಂದು ಬಂದವರಿಗೆ ಅಲ್ಲೂ ಒಬ್ಬ ಯಜಮಾನ ಎದುರಾಗಿದ್ದ.

ಬೆಲೆಯೂ ಒಂದು ಬೇಲಿ

ಇಎನ್‌ಎಸ್ ಕಟ್ಟಿದವರು ಈ ಪಾಠವನ್ನು ಓದಿಕೊಂಡೇ ಬಂದವರು, ಆದರೂ ಎಡವದೆ ಇರಲಿಲ್ಲ. ನಿಕ್ ಜಾನ್ಸನ್ ಮತ್ತು ಜೊತೆಗಾರರು 2017ರ ಮಾರ್ಚ್ 14ಕ್ಕೆ ಬಾಗಿಲು ತೆರೆದರು. ಕೋಡ್‌ನಲ್ಲಿ ಗಂಭೀರ ತಪ್ಪು ಸಿಕ್ಕಿ ಕೂಡಲೇ ಮುಚ್ಚಬೇಕಾಯಿತು. ಮತ್ತೆ ತೆರೆದದ್ದು ಮೇ 4ರಂದು.

ಒಳಗೆ ನಡೆಯುವುದು ಅಷ್ಟೇನೂ ಜಟಿಲವಲ್ಲ. ಎಥೀರಿಯಂ ಮೇಲೆ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಚೈನ್ ಮೇಲೇ ಓಡುವ ಪ್ರೋಗ್ರಾಮ್ ಇದೆ, ಅದೇ ಮುಖ್ಯ ಪಟ್ಟಿ. ಅದರಲ್ಲಿ ಹೆಸರಿನ ಅಕ್ಷರಗಳೇ ಇರುವುದಿಲ್ಲ. ಹೆಸರನ್ನು ಗಣಿತದ ಗಿರಣಿಗೆ ಹಾಕಿ ಬಂದ ಬೆರಳಚ್ಚು ಇರುತ್ತದೆ. ಆ ಬೆರಳಚ್ಚಿನ ಮುಂದೆ ಎರಡು ಮುಖ್ಯ ವಿವರ: ಮಾಲೀಕರು ಯಾರು, ಉತ್ತರ ಹೇಳುವ ಇನ್ನೊಂದು ಕಾಂಟ್ರ್ಯಾಕ್ಟ್ ಯಾವುದು. ಈ ಎರಡನೆಯದಕ್ಕೆ ರಿಸಾಲ್ವರ್ ಎನ್ನುತ್ತಾರೆ. ಹಣ ಕಳಿಸಬೇಕಾದ ವಿಳಾಸ, ಪುಟದ ಜಾಡು, ಬೇರೆ ಸಣ್ಣಪುಟ್ಟ ಮಾಹಿತಿ ಅಲ್ಲಿರುತ್ತದೆ. ಎಥೀರಿಯಂ ವಿಳಾಸ 42 ಅಕ್ಷರ. ಅದನ್ನು ಕೈಯಲ್ಲಿ ಟೈಪ್ ಮಾಡಿ ಹಣ ಕಳಿಸುವ ಧೈರ್ಯ ನನಗಂತೂ ಇಲ್ಲ. ಅದರ ಬದಲು ಒಂದು ಹೆಸರು ಬರೆದರೆ ವ್ಯಾಲೆಟ್, ಅಂದರೆ ಕ್ರಿಪ್ಟೊ ಹಣ ಕಳಿಸುವ ಆಪ್, ತಾನೇ ಪಟ್ಟಿ ನೋಡಿ ವಿಳಾಸ ತರುತ್ತದೆ. ಈ ಇಡೀ ವ್ಯವಸ್ಥೆ ನಿಜಕ್ಕೂ ಉಪಯೋಗಕ್ಕೆ ಬಂದಿರುವುದು ಇಲ್ಲೇ.

ನೀವು ಒಂದು ಹೆಸರು ಕೇಳಿದ್ದನ್ನು ನೋಡಿ ಇನ್ನೊಬ್ಬ ಮುಂದೆ ನುಗ್ಗಿ ಹಿಡಿದುಬಿಟ್ಟರೆ? ಬ್ಲಾಕ್‌ಚೈನ್‌ನಲ್ಲಿ ಎಲ್ಲವೂ ಬಯಲಲ್ಲಿ ನಡೆಯುತ್ತದಲ್ವಾ. ಅದಕ್ಕೂ ಒಂದು ಉಪಾಯ ಮಾಡಿದ್ದಾರೆ. ಮೊದಲು ಮುಚ್ಚಿದ ಚೀಟಿ ಹಾಕಬೇಕು, ಕನಿಷ್ಠ 60 ಸೆಕೆಂಡ್ ಕಾಯಬೇಕು, ಆಮೇಲೆ ಚೀಟಿ ಬಿಚ್ಚಿ ಹೆಸರು ಹೇಳಬೇಕು. ಚೀಟಿ ಬಿಚ್ಚಿದಾಗ ನೋಡಿದವನು ಹೊಸ ಚೀಟಿ ಹಾಕಿ ಕಾಯುವಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ.

ಇನ್ನು ಬೆಲೆ. ಶುರುವಿನಲ್ಲಿ ಹರಾಜು ಇತ್ತು, ಕಟ್ಟಿದ ಹಣ ಠೇವಣಿಯಾಗಿ ಉಳಿಯುತ್ತಿತ್ತು. 2019ರ ಮೇ ತಿಂಗಳಿಂದ ವರ್ಷದ ಬಾಡಿಗೆ ಬಂತು. ಐದು ಅಥವಾ ಹೆಚ್ಚು ಅಕ್ಷರದ ಹೆಸರಿಗೆ ವರ್ಷಕ್ಕೆ 5 ಡಾಲರ್. ನಾಲ್ಕಕ್ಷರಕ್ಕೆ 160, ಮೂರಕ್ಷರಕ್ಕೆ 640. ಜೊತೆಗೆ ನೆಟ್‌ವರ್ಕ್ ಶುಲ್ಕ. ಬಾಡಿಗೆ ಯಾಕೆ, ಸ್ವಂತದ್ದು ಅಂದಿರಲ್ಲ ಎಂದು ಯಾರಾದರೂ ಕೇಳಬಹುದು. ನೇಮ್‌ಕಾಯಿನ್‌ನ ಆ 28 ಅದಕ್ಕೆ ಉತ್ತರ. ಬಾಡಿಗೆ ಇಲ್ಲದಿದ್ದರೆ ಕೀಲಿ (ಹೆಸರಿನ ಮೇಲೆ ಹಿಡಿತ ಕೊಡುವ ಗುಟ್ಟಿನ ಸಂಖ್ಯೆ) ಕಳೆದುಕೊಂಡವರ, ಸತ್ತವರ, ಮರೆತವರ ಹೆಸರುಗಳೆಲ್ಲ ಶಾಶ್ವತವಾಗಿ ಸಿಕ್ಕಿಕೊಂಡು ಕೂರುತ್ತವೆ. ಅನ್‌ಸ್ಟಾಪಬಲ್ ಡೊಮೇನ್ಸ್ ಎಂಬ ಕಂಪನಿ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಡಾಟ್ ಕ್ರಿಪ್ಟೊ ಮುಂತಾದ ತನ್ನ ಹೆಸರುಗಳನ್ನು ಒಮ್ಮೆ ಕೊಂಡರೆ ಮುಗಿಯಿತು, ರಿನ್ಯೂವಲ್ ಇಲ್ಲ ಎಂದಿತು. ಕೊಳ್ಳುವವರಿಗೆ ಅದು ಹಿತವಾಗಿ ಕೇಳಿಸುತ್ತದೆ. ನನಗೆ ಮಾತ್ರ ಬಾಡಿಗೆಯ ದಾರಿಯೇ ಪ್ರಾಮಾಣಿಕ ಅನ್ನಿಸುತ್ತದೆ. ಪಟ್ಟಿ ಚೊಕ್ಕಟವಾಗಿ ಉಳಿಯಲು ಯಾರಾದರೂ ಖರ್ಚು ಹೊರಲೇಬೇಕು.

ಅವಧಿ ಮುಗಿದ ಹೆಸರು ಏನಾಗುತ್ತದೆ ಅನ್ನುವಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ಮೊದಲ 90 ದಿನ ಹಳೆಯ ಮಾಲೀಕರಿಗೇ ಅವಕಾಶ. ಆಮೇಲೆ ಹೆಸರು ಎಲ್ಲರಿಗೂ ತೆರೆಯುತ್ತದೆ, ಆದರೆ ಬಾಡಿಗೆಯ ಮೇಲೆ 10 ಕೋಟಿ ಡಾಲರ್ ಹೆಚ್ಚುವರಿ ಬೆಲೆಯೊಂದಿಗೆ. ಹೌದು, 10 ಕೋಟಿ. ಈ ಹೆಚ್ಚುವರಿ ದಿನಕ್ಕೆ ಹೆಚ್ಚುಕಡಿಮೆ ಅರ್ಧದಂತೆ, ಕೊನೆಯಲ್ಲಿ ಇನ್ನೂ ಬೇಗ, ಇಳಿಯುತ್ತ ಹೋಗುತ್ತದೆ. ಹತ್ತು ದಿನ ಕಳೆದಾಗ ಸುಮಾರು 97 ಸಾವಿರ ಡಾಲರ್. ಇಪ್ಪತ್ತು ದಿನ ಕಳೆದಾಗ ಸುಮಾರು 48 ಡಾಲರ್. 21ನೇ ದಿನದ ಕೊನೆಗೆ ಸೊನ್ನೆ. ಯಾರಿಗೆ ಎಷ್ಟು ಬೇಕೋ ಅವರು ಅಷ್ಟರಲ್ಲಿ ಕೈ ಹಾಕುತ್ತಾರೆ. ಅವಧಿ ಮುಗಿಯುವ ಗಳಿಗೆಗಾಗಿ ಯಂತ್ರ ಹೂಡಿ ಕಾಯುವವರ ಆಟ ಇಲ್ಲಿ ನಡೆಯುವುದಿಲ್ಲ. ಡಿಎನ್‌ಎಸ್ ಲೋಕ ಇದನ್ನು ನೋಡಿ ಕಲಿಯಬಹುದು.

ಹಾಗಂತ ಈ ಪಟ್ಟಿಯ ಹಿಂದೆ ಮನುಷ್ಯರೇ ಇಲ್ಲ ಅಂದುಕೊಳ್ಳಬೇಡಿ. ಮೊದಲ ವರ್ಷಗಳಲ್ಲಿ ಬೇರಿನ ಕೀಲಿ ಏಳು ಜನರ ಬಳಿ ಇತ್ತು, ನಾಲ್ಕು ಸಹಿ ಬಿದ್ದರೆ ಬದಲಾವಣೆ. 2020ರ ಫೆಬ್ರುವರಿಯಲ್ಲಿ ಮುಖ್ಯ ಪಟ್ಟಿಯಲ್ಲೇ ದೋಷ ಸಿಕ್ಕಿತು. ಮಾರಿದವನು ಹೆಸರನ್ನು ಮತ್ತೆ ಎಳೆದುಕೊಳ್ಳುವ ಸಾಧ್ಯತೆ ಇತ್ತು. ಇಡೀ ಪಟ್ಟಿಯನ್ನು ಹೊಸ ಕಾಂಟ್ರ್ಯಾಕ್ಟ್‌ಗೆ ಸಾಗಿಸಬೇಕಾಯಿತು. 2021ರ ನವೆಂಬರ್‌ನಲ್ಲಿ ಮತದಾನದ ಟೋಕನ್ ಹಂಚಿದರು, 1.37 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಪಾಲು ಸಿಕ್ಕಿತು. ಬಾಡಿಗೆ ಎಷ್ಟು, ಬಂದ ಹಣ ಎಲ್ಲಿಗೆ ಎಂಬುದನ್ನು ಈಗ ಈ ಟೋಕನ್ ಇರುವವರ ಒಕ್ಕೂಟ ತೀರ್ಮಾನಿಸುತ್ತದೆ. ಅವರ ಸಂವಿಧಾನದ ಮೊದಲ ವಿಧಿಯೇ ಹೆಸರಿನ ಮಾಲೀಕತ್ವಕ್ಕೆ ಕೈ ಹಾಕಬಾರದು ಎನ್ನುತ್ತದೆ. ಒಳ್ಳೆಯದೇ. ಆದರೆ ಟೋಕನ್ ಜಾಸ್ತಿ ಇದ್ದವರ ಮತಕ್ಕೆ ತೂಕವೂ ಜಾಸ್ತಿ.

ಕೇಳುವ ಅರ್ಧ

ಬರೆದಿಡುವ ಕೆಲಸದ ಬಗ್ಗೆ ಇಷ್ಟು ಸಾಕು. ಕಾಲು ಜಾರುವುದು ಇನ್ನೊಂದು ಅರ್ಧದಲ್ಲಿ.

ಹೆಸರು ಚೈನ್ ಮೇಲೆ ಭದ್ರವಾಗಿದೆ ಎಂದುಕೊಳ್ಳಿ. ಯಾರೋ ಅದನ್ನು ಬ್ರೌಸರ್‌ನಲ್ಲಿ ಹಾಕುತ್ತಾರೆ. ಬ್ರೌಸರ್‌ಗೆ ಚೈನ್ ಓದಲು ಬರಬೇಕು. ಬ್ರೇವ್, ಒಪೆರಾದಂಥ ಕೆಲವಕ್ಕೆ ಬರುತ್ತದೆ. ಜಗತ್ತು ಹೆಚ್ಚಾಗಿ ಬಳಸುವ ಕ್ರೋಮ್, ಸಫಾರಿಗಳಿಗೆ ತಾವಾಗಿ ಬರುವುದಿಲ್ಲ. ಆಗ ಗೇಟ್‌ವೇ ಬೇಕು, ಅಂದರೆ ಮೊದಲು ಹೇಳಿದ ಎಥ್ ಡಾಟ್ ಲಿಂಕ್‌ನಂಥದ್ದು. ಗೇಟ್‌ವೇ ನಡೆಸುವವರು ಒಂದು ಹೆಸರನ್ನು ತೋರಿಸುವುದಿಲ್ಲ ಎಂದರೆ ನೋಡುವವರ ಪಾಲಿಗೆ ಆ ಹೆಸರು ಇಲ್ಲ.

ವ್ಯಾಲೆಟ್ ಕಥೆಯೂ ಬಹಳ ಬೇರೆಯಲ್ಲ. ಚೈನ್‌ನ ಪೂರ್ತಿ ನಕಲನ್ನು ಫೋನಿನಲ್ಲಿ ಇಟ್ಟುಕೊಳ್ಳಲು ಆಗದು. ಹಾಗಾಗಿ ವ್ಯಾಲೆಟ್ ಯಾವುದೋ ಕಂಪನಿಯ ಸರ್ವರ್ ಅನ್ನು ಕೇಳುತ್ತದೆ: ಈ ಹೆಸರಿನ ವಿಳಾಸ ಯಾವುದು? ಮೆಟಾಮಾಸ್ಕ್ ಎಂಬ ಹೆಸರಾಂತ ವ್ಯಾಲೆಟ್ ಮೊದಲಿನಿಂದಲೂ ಕೇಳುವುದು ಇನ್ಫ್ಯೂರಾ ಎಂಬ ಸರ್ವರ್ ಸೇವೆಯನ್ನು, ನೀವಾಗಿ ಬದಲಿಸದಿದ್ದರೆ. 2020ರ ನವೆಂಬರ್ 11ರಂದು ಇನ್ಫ್ಯೂರಾ ಕೆಟ್ಟಾಗ ಎಥೀರಿಯಂ ಬಳಸುವ ಎಷ್ಟೋ ಸೇವೆಗಳು ಒಟ್ಟಿಗೆ ಮುಗ್ಗರಿಸಿದವು. 2022ರ ಮಾರ್ಚ್‌ನಲ್ಲಿ ನಿರ್ಬಂಧಗಳ ಪಟ್ಟಿಗೆ ತಕ್ಕಂತೆ ಸೆಟಿಂಗ್ ಬದಲಿಸಲು ಹೋಗಿ ತಪ್ಪಾಯಿತು, ವೆನೆಜುವೆಲಾದವರ ವ್ಯಾಲೆಟ್‌ಗಳು ನಿಂತುಹೋದವು. ತಪ್ಪು ಬೇಗ ಸರಿಹೋಯಿತು. ಆದರೆ ಚೈನ್‌ನಲ್ಲಿ ಒಂದಕ್ಷರವೂ ಬದಲಾಗದೆ ಒಂದು ದೇಶದವರು ಹೊರಗೆ ನಿಂತಿದ್ದರು ಎಂಬುದು ನೆನಪಿರಲಿ.

ಇನ್ನೊಂದು ಸೂಕ್ಷ್ಮ ಇದೆ. ಚೈನ್ ಮೇಲೆ ಬರೆಯುವುದು ದುಬಾರಿ. ಆದ್ದರಿಂದ ಒಂದು ದೊಡ್ಡ ಹೆಸರಿನ ಕೆಳಗೆ ಲಕ್ಷಾಂತರ ಉಪಹೆಸರು ಪುಕ್ಕಟೆ ಹಂಚಬೇಕಾದವರು ಆ ಪಟ್ಟಿಯನ್ನು ತಮ್ಮದೇ ಡೇಟಾಬೇಸ್‌ನಲ್ಲಿ ಇಟ್ಟುಕೊಂಡು, ಕೇಳಿದಾಗ ಸಹಿ ಹಾಕಿ ಉತ್ತರ ಕೊಡುವ ಏರ್ಪಾಡು ಬಂದಿದೆ. 2022ರಲ್ಲಿ ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ವಹಿವಾಟಿನ ಕಂಪನಿ ಹಂಚಿದ ಹೆಸರುಗಳು ಹೀಗೇ ಇದ್ದವು. ಅದು ಮೋಸವಲ್ಲ, ನಿಯಮದ ಒಳಗೇ ಇದೆ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ: ನಿಜಕ್ಕೂ ನಿಮ್ಮ ಕೀಲಿಯಲ್ಲಿರುವ ಹೆಸರು, ಮತ್ತು ಕಂಪನಿಯ ಸರ್ವರ್ ನಿಂತರೆ ತಾನೂ ನಿಲ್ಲುವ ಹೆಸರು.

ಪುಟಗಳ ವಿಷಯ ಇನ್ನೂ ಸರಳ. ಹೆಸರು ಅಳಿಯದು, ಸರಿ. ಅದು ತೋರಿಸುವ ಪುಟವನ್ನು ಯಾರಾದರೂ ಒಂದು ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿರಬೇಕಲ್ಲ. ಐಪಿಎಫ್‌ಎಸ್‌ನಲ್ಲಿ ಯಾರೂ ಇಟ್ಟುಕೊಳ್ಳದ ಫೈಲ್ ಕಾಣೆಯಾಗುತ್ತದೆ, ಹೆಸರು ಮಾತ್ರ ಖಾಲಿ ಮನೆಯ ಬೋರ್ಡಿನ ಹಾಗೆ ಉಳಿಯುತ್ತದೆ.

ಒಂದೇ ಹೆಸರು, ಎರಡು ಮನೆ

ಹೆಸರಿನ ವ್ಯವಸ್ಥೆಗೆ ಜೀವ ಇರುವುದು ಎಲ್ಲರೂ ಒಂದೇ ಪಟ್ಟಿ ನೋಡುವುದರಲ್ಲಿ. ಬ್ಲಾಕ್‌ಚೈನ್ ಒಂದು ಪಟ್ಟಿಯ ಒಳಗೆ ಜಗಳ ತಪ್ಪಿಸುತ್ತದೆ. ಎರಡು ಪಟ್ಟಿಗಳ ನಡುವಿನ ಜಗಳ ತಪ್ಪಿಸುವ ಶಕ್ತಿ ಅದಕ್ಕಿಲ್ಲ. ಯಾರು ಬೇಕಾದರೂ ಹೊಸ ಚೈನ್ ಹೂಡಬಹುದು, ಅದರಲ್ಲಿ ಡಾಟ್ ಆದ ಮೇಲೆ ಬರುವ ಯಾವ ಕೊನೆಪದವನ್ನಾದರೂ ಮಾರಬಹುದು.

ಅನ್‌ಸ್ಟಾಪಬಲ್ ಡೊಮೇನ್ಸ್ ಡಾಟ್ ಕಾಯಿನ್ ಹೆಸರುಗಳನ್ನು ಮಾರುತ್ತಿತ್ತು. ಎಮರ್‌ಕಾಯಿನ್ ಎಂಬ ಹಳೆಯ ಚೈನ್ ಅದೇ ಕೊನೆಪದವನ್ನು ಮುಂಚೆಯಿಂದ ಬಳಸುತ್ತಿದೆ ಎಂದು ಆಮೇಲೆ ಗೊತ್ತಾಯಿತು. 2022ರ ಅಕ್ಟೋಬರ್‌ನಲ್ಲಿ ಕಂಪನಿ ಡಾಟ್ ಕಾಯಿನ್ ಅನ್ನು ನಿಲ್ಲಿಸಿತು. ಒಮ್ಮೆ ಕೊಂಡರೆ ಎಂದೆಂದಿಗೂ ನಿಮ್ಮದು ಅನ್ನಿಸಿಕೊಂಡಿದ್ದ ಹೆಸರು ಅದು. ಚೈನ್‌ನಿಂದ ಅದನ್ನು ಯಾರೂ ಅಳಿಸಲಿಲ್ಲ, ನಿಜ. ಉತ್ತರ ಹೇಳುವುದನ್ನು ನಿಲ್ಲಿಸಿದರು, ಅಷ್ಟೇ ಸಾಕಾಯಿತು. ಅದೇ ವರ್ಷ ಡಾಟ್ ವ್ಯಾಲೆಟ್ ವಿಷಯದಲ್ಲಿ ಇದೇ ಕಂಪನಿ ಹ್ಯಾಂಡ್‌ಶೇಕ್ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲದಲ್ಲಿ ಅದೇ ಕೊನೆಪದ ಮಾರುತ್ತಿದ್ದವರ ಮೇಲೆ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಿತು. ಯಾರ ಅಪ್ಪಣೆಯೂ ಬೇಡ ಎಂದವರು ಕಷ್ಟ ಬಂದಾಗ ಓಡಿದ್ದು ನ್ಯಾಯಾಲಯಕ್ಕೇ.

ಹ್ಯಾಂಡ್‌ಶೇಕ್ ಬೇರೆ ಜಾತಿಯದು. 2020ರ ಫೆಬ್ರುವರಿಯಲ್ಲಿ ಶುರುವಾದ ಅದು ಬೇರು ಪಟ್ಟಿಯನ್ನೇ ಹರಾಜಿಗೆ ಇಟ್ಟಿತು, ಐಕ್ಯಾನ್ ಜಾಗದಲ್ಲಿ ಕೂರುವ ಆಸೆಯಿಂದ. ಯೋಚನೆ ಅಚ್ಚುಕಟ್ಟಾಗಿತ್ತು. ಬ್ರೌಸರ್‌ಗಳು ಕೇಳದ ಪಟ್ಟಿಗೆ ಬೆಲೆ ಎಲ್ಲಿಂದ ಬರಬೇಕು?

ಈ ಡಿಕ್ಕಿಗಳನ್ನು ತಪ್ಪಿಸಲು ಇಂಟರ್ನೆಟ್ ನಿಯಮ ರೂಪಿಸುವ ಐಇಟಿಎಫ್ 2023ರ ಸೆಪ್ಟೆಂಬರ್‌ನಲ್ಲಿ ಒಂದು ಜಾಗ ಬಿಟ್ಟುಕೊಟ್ಟಿತು. ಡಾಟ್ ಆಲ್ಟ್ ಎಂಬ ಕೊನೆಪದ ಡಿಎನ್‌ಎಸ್‌ಗೆ ಎಂದೂ ಸೇರುವುದಿಲ್ಲ, ಪರ್ಯಾಯ ವ್ಯವಸ್ಥೆಗಳು ಅದರ ಕೆಳಗೆ ಹಾಯಾಗಿ ಇರಬಹುದು. ತಾಂತ್ರಿಕವಾಗಿ ಸರಿಯಾದ ಪರಿಹಾರ. ಆದರೆ ಮಾರಲು ಕೂತವರಿಗೆ ಏನೋ ಡಾಟ್ ಎಥ್ ಡಾಟ್ ಆಲ್ಟ್ ಎಂಬ ಉದ್ದನೆ ಬಾಲ ಹಿಡಿಸುವುದಿಲ್ಲ. ಅವರಿಗೆ ಬೇಕಿರುವುದು ಡಾಟ್ ಕಾಮ್ ಪಕ್ಕದಲ್ಲಿ ಕೂರುವ ಗತ್ತು.

ಈಗ ಈ ವಿಷಯಕ್ಕೆ ಮತ್ತೆ ಬಿಸಿ ಬಂದಿರುವುದು ಅದೇ ಗತ್ತಿನಿಂದ. 2012ರ ನಂತರ ಮೊದಲ ಬಾರಿಗೆ ಐಕ್ಯಾನ್ ಹೊಸ ಕೊನೆಪದಗಳಿಗೆ ಅರ್ಜಿ ಕರೆದಿದೆ. 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ಗಡುವು, ಒಂದು ಅರ್ಜಿಗೆ 2,27,000 ಡಾಲರ್ ಶುಲ್ಕ. ಬ್ಲಾಕ್‌ಚೈನ್ ಹೆಸರು ಮಾರುವ ಕಂಪನಿಗಳು ಈ ಬಾಗಿಲಿಗಾಗಿ ಕಾಯುತ್ತಿದ್ದವು. ಅನ್‌ಸ್ಟಾಪಬಲ್ ಡೊಮೇನ್ಸ್ 2024ರಲ್ಲೇ ಐಕ್ಯಾನ್ ಮಾನ್ಯತೆ ಪಡೆದ ರಿಜಿಸ್ಟ್ರಾರ್ ಆಯಿತು. ಐಕ್ಯಾನ್‌ನಿಂದ ಬಿಡುಗಡೆ ಬೇಕು ಎಂದು ಹೊರಟ ಮೆರವಣಿಗೆ ಐಕ್ಯಾನ್ ಬಾಗಿಲಲ್ಲೇ ಸಾಲು ನಿಂತಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜನ ನೋಡುವ ಪಟ್ಟಿ ಯಾವುದೋ ಅಲ್ಲಿ ಹೆಸರು ಇರಬೇಕು ಎಂದು ವ್ಯಾಪಾರಕ್ಕೆ ಅರ್ಥವಾಗಿದೆ.

ಡಾಟ್ ಎಥ್‌ಗೆ ಮಾತ್ರ ಈ ಸಾಲಿನಲ್ಲಿ ಜಾಗವಿಲ್ಲ. ದೇಶಗಳಿಗೆ ಕೊಟ್ಟ ಮೂರಕ್ಷರದ ಅಂತರರಾಷ್ಟ್ರೀಯ ಸಂಕೇತಗಳನ್ನು ಯಾರಿಗೂ ಕೊಡುವುದಿಲ್ಲ ಎಂಬುದು ಐಕ್ಯಾನ್ ನಿಯಮ. ಇ, ಟಿ, ಎಚ್ ಎಂಬ ಮೂರಕ್ಷರ ಇಥಿಯೋಪಿಯಾದ ಸಂಕೇತ. ಈ ನಿಯಮದಿಂದ ಡಾಟ್ ಎಥ್‌ಗೆ ಒಂದು ಲಾಭವೂ ಇದೆ ಅನ್ನಿ. ಒಳಗೆ ಬರಲು ಆಗದು, ಆದರೆ ಬೇರೆ ಯಾರೂ ಡಿಎನ್‌ಎಸ್‌ನಲ್ಲಿ ಆ ಕೊನೆಪದ ಹಿಡಿದು ಗೊಂದಲ ಎಬ್ಬಿಸಲೂ ಆಗದು. ಇಎನ್‌ಎಸ್ ಬೇರೆ ದಿಕ್ಕಿನಿಂದ ಸೇತುವೆ ಕಟ್ಟಿದೆ. 2021ರಿಂದ ಯಾವುದೇ ಡಿಎನ್‌ಎಸ್ ಹೆಸರಿನ ಮಾಲೀಕರು, ಡಿಎನ್‌ಎಸ್‌ಸೆಕ್ ಎಂಬ ಸಹಿ ವ್ಯವಸ್ಥೆಯ ಮೂಲಕ ಮಾಲೀಕತ್ವ ತೋರಿಸಿ, ಅದೇ ಹೆಸರನ್ನು ಇಎನ್‌ಎಸ್ ಒಳಗೂ ಬಳಸಬಹುದು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಆಗಿರುವ ಅತ್ಯಂತ ವಿವೇಕದ ಕೆಲಸ ಇದು. ಹೊಸ ಹೆಸರು ಮಾರುವ ಬದಲು, ಇರುವ ಹೆಸರಿಗೆ ಹೊಸ ಕೆಲಸ ಕೊಡುತ್ತದೆ.

ಯಾರಿಗೆ ದೂರು ಕೊಡುವುದು?

ಡಿಎನ್‌ಎಸ್‌ನಲ್ಲಿ ಯಾರಾದರೂ ನಿಮ್ಮ ಸಂಸ್ಥೆಯ ಹೆಸರು ಹಿಡಿದು ಮೋಸ ಮಾಡಿದರೆ 1999ರಿಂದ ಒಂದು ವ್ಯಾಜ್ಯ ಪದ್ಧತಿ ಇದೆ. ಅದು ಪರಿಪೂರ್ಣವಲ್ಲ, ದುಡ್ಡಿದ್ದವರ ಕಡೆ ವಾಲುತ್ತದೆ ಎಂಬ ದೂರೂ ಇದೆ. ಆದರೆ ಬಾಗಿಲು ತಟ್ಟಲು ಒಂದು ಮನೆಯಾದರೂ ಇದೆ. ಡಾಟ್ ಎಥ್‌ನಲ್ಲಿ ಅಂಥ ಬಾಗಿಲೇ ಇಲ್ಲ. ಹೆಸರು ಕಿತ್ತುಕೊಳ್ಳಲು ಆಗದು ಎಂಬ ವರವೇ ಇಲ್ಲಿ ಶಾಪವಾಗುತ್ತದೆ. ಕೀಲಿ ಕದ್ದರೆ ಹೆಸರು ಕಳ್ಳನದು. ಕಂಪನಿಗಳ ಹೆಸರನ್ನು ಹಿಡಿದವರು ನೆಮ್ಮದಿಯಾಗಿದ್ದಾರೆ. 2022ರಲ್ಲಿ ಅಮೆಜಾನ್ ಡಾಟ್ ಎಥ್ ಹೆಸರಿಗೆ 10 ಲಕ್ಷ ಡಾಲರ್ ಬೆಲೆಯ ಕ್ರಿಪ್ಟೊ ಕೊಡುತ್ತೇವೆ ಎಂಬ ಕರೆ ಬಂದಿತ್ತು. ಹೆಸರು ಹಿಡಿದವರು ಉತ್ತರಿಸಲೇ ಇಲ್ಲ, ಗಡುವು ಮುಗಿಯಿತು.

ನೇಮ್‌ಕಾಯಿನ್‌ನ ಡಾಟ್ ಬಿಟ್ ಏನಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಅಳಿಸಲಾಗದ ಹೆಸರು ಯಾರಿಗೆ ಇಷ್ಟ? ಪತ್ರಕರ್ತರಿಗೆ, ಸರಿ. ವೈರಸ್ ಬರೆಯುವವರಿಗೂ. ಡಾಟ್ ಬಿಟ್ ಹೆಸರುಗಳ ಹಿಂದೆ ಅಷ್ಟು ಮಾಲ್‌ವೇರ್ ಸೇರಿಕೊಂಡಿತು ಎಂದರೆ, ಐಕ್ಯಾನ್‌ಗೆ ಪರ್ಯಾಯ ಎಂದೇ ಹುಟ್ಟಿದ್ದ ಓಪನ್‌ನಿಕ್ ಬಳಗ 2019ರಲ್ಲಿ ಮತ ಹಾಕಿ ಅದನ್ನು ಕೈಬಿಟ್ಟಿತು.

ಅಕ್ಷರಗಳ ಮೋಸ ಬೇರೆ. ಯೂನಿಕೋಡ್‌ನಲ್ಲಿ ನೋಡಲು ಒಂದೇ, ಒಳಗೆ ಬೇರೆಯಾದ ಅಕ್ಷರಗಳು ಬೇಕಾದಷ್ಟಿವೆ. ಇಂಗ್ಲಿಷಿನ ‘ಎ’ ಅಕ್ಷರಕ್ಕೂ ರಷ್ಯನ್ ಲಿಪಿಯ ‘ಅ’ ಅಕ್ಷರಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ಕನ್ನಡ, ತೆಲುಗು ಲಿಪಿಗಳ ಅನುಸ್ವಾರವನ್ನೇ ನೋಡಿ, ಎರಡೂ ಒಂದೇ ಸೊನ್ನೆ. ಡಿಎನ್‌ಎಸ್‌ನ ಬೇರು ಪಟ್ಟಿಗಾಗಿ ಐಕ್ಯಾನ್ ಮಾಡಿಸಿದ ಕನ್ನಡ ಲಿಪಿಯ ನಿಯಮಗಳಲ್ಲಿ ತೆಲುಗಿನ ಇಂಥ ಅಕ್ಷರಗಳನ್ನು ಗುರುತಿಸಿ ಕಟ್ಟು ಹಾಕಲಾಗಿದೆ. ಇಎನ್‌ಎಸ್ ಬಳಗ 2023ರಲ್ಲಿ ತನ್ನದೇ ಶುದ್ಧೀಕರಣ ನಿಯಮ ತಂದಿತು. ಕಣ್ಣಿಗೆ ಕಾಣದ ಅಕ್ಷರಗಳನ್ನು ಅದು ಹೆಸರಿನಿಂದ ಹೊರಗಿಡುತ್ತದೆ. ಮೋಸಗಾರರ ದೃಷ್ಟಿಯಿಂದ ಸರಿಯೇ. ಆದರೆ ಕನ್ನಡದಲ್ಲಿ ಒತ್ತಕ್ಷರ ಆಗದಂತೆ ಬಿಡಿಸಿ ಬರೆಯಲು ನಾವು ಬಳಸುವುದೂ ಅಂಥ ಒಂದು ಕಾಣದ ಅಕ್ಷರವನ್ನೇ. ‘ಬ್ಲಾಕ್‌ಚೈನ್’ ಎಂದು ಕನ್ನಡದಲ್ಲಿ ಸರಿಯಾಗಿ ಬರೆದ ಹೆಸರು ಅಲ್ಲಿ ನಡೆಯುವುದಿಲ್ಲ. ನಿಯಮ ಬರೆದವರಿಗೆ ಇದು ಚಿಕ್ಕ ಬೆಲೆ ಅನ್ನಿಸಿರಬಹುದು.

ಹಾಗಾದರೆ ಒಂದು ಹೆಸರು ಕೊಳ್ಳಬೇಕೋ ಬೇಡವೋ? ಕ್ರಿಪ್ಟೊ ಕಳಿಸುವ, ಪಡೆಯುವ ಅಭ್ಯಾಸ ಇದ್ದವರಿಗೆ ವ್ಯಾಲೆಟ್‌ಗೆ ಒಂದು ಹೆಸರು ಉಪಯೋಗವೇ. ಒಂದು ಎಚ್ಚರ ಬೇಕು. ಹೆಸರನ್ನು ಊರಿಗೆಲ್ಲ ಹೇಳಿದ ದಿನದಿಂದ ಆ ವಿಳಾಸದಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಹೋಯಿತು ಎಂಬುದೂ ಊರಿಗೆಲ್ಲ ಕಾಣುತ್ತದೆ. ವೆಬ್‌ಸೈಟ್‌ಗೆ ಇದೊಂದನ್ನೇ ನಂಬಿಕೊಳ್ಳಲು ಕಾಲ ಬಂದಿಲ್ಲ. ಮುಂದೆ ಮಾರಿ ಲಾಭ ಮಾಡುತ್ತೇನೆ ಎನ್ನುವವರು ಆ 1,20,000 ಮತ್ತು 28ರ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳಲಿ.

ಅಂದ ಹಾಗೆ, ಎಥ್ ಡಾಟ್ ಲಿಂಕ್ ಗಲಾಟೆಯಲ್ಲಿ ಜನರನ್ನು ಬೇರೆ ಬಾಗಿಲಿಗೆ ಕಳಿಸಲಾಯಿತು. ಎಥ್ ಡಾಟ್ ಲಿಮೊ ಎಂಬುದು ಅದರ ಹೆಸರು. ಮಾಮೂಲಿ ಬ್ರೌಸರ್‌ನಲ್ಲಿ ಡಾಟ್ ಎಥ್ ಪುಟ ನೋಡುವವರು ಆಮೇಲೆ ಹೆಚ್ಚಾಗಿ ಅದನ್ನೇ ಹಿಡಿದರು. ಡಾಟ್ ಲಿಮೊ ಕೂಡ ಐಕ್ಯಾನ್ ಪಟ್ಟಿಯದೇ, ಲಿಮೊಸಿನ್ ಕಾರಿನವರಿಗೆಂದು ಹುಟ್ಟಿದ ಕೊನೆಪದ. ಅದಕ್ಕೂ ಗಡುವು ಇದೆ, ರಿನ್ಯೂ ಮಾಡಲು ಯಾರೋ ಒಬ್ಬರ ಖಾತೆ ಇದೆ.